ಹನ್ನೊಂದನೇ ನಂಬರಿನ ಗೂಡು

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಸಾಕು, ಚೆನ್ನೈನ ತಮಿಳು ಪತ್ರಿಕೆಗಳಲ್ಲಿ ಒಂದು ಸಾಲು ಕಾಯಂ ಕಾಣಿಸಿಕೊಳ್ಳುತ್ತದೆ: ಬಂದರಿನಲ್ಲಿ ಇಂತಿಷ್ಟನೇ ನಂಬರಿನ ಎಚ್ಚರಿಕೆ ಗೂಡು ಏರಿಸಲಾಗಿದೆ. ಗೂಡು ಎಂದರೆ ಎತ್ತರದ ಕಂಬಕ್ಕೆ ತೂಗುಹಾಕುವ, ಶಂಕು ಮತ್ತು ಪೀಪಾಯಿ ಆಕಾರದ ಗುರುತುಗಳು. ರಾತ್ರಿಯಾದರೆ ಅವುಗಳ ಬದಲಿಗೆ ಕೆಂಪು, ಬಿಳಿ ದೀಪಗಳು. ಒಂದು, ಎರಡು ಎಂದರೆ ಬಿರುಗಾಳಿ ಇನ್ನೂ ದೂರದಲ್ಲಿದೆ. ಮೂರು, ನಾಲ್ಕು ಎಂದರೆ ಬಂದರಿಗೇ ತಟ್ಟಬಹುದು. ಐದರಿಂದ ಏಳು ಅಪಾಯ, ಎಂಟರಿಂದ ಹತ್ತು ಮಹಾ ಅಪಾಯ.

ಲೆಕ್ಕ ಹತ್ತಕ್ಕೆ ಮುಗಿಯಬೇಕಿತ್ತು. ಆದರೆ ಭಾರತದ ಬಂದರುಗಳ ಪಟ್ಟಿಯಲ್ಲಿ ಹನ್ನೊಂದನೇ ನಂಬರೂ ಇದೆ. ಅದಕ್ಕೂ ಗಾಳಿಯ ವೇಗಕ್ಕೂ ಸಂಬಂಧವಿಲ್ಲ. ಹವಾಮಾನ ಕೇಂದ್ರದ ಜೊತೆಗಿನ ಸಂಪರ್ಕ ಕಡಿದುಹೋಗಿದೆ, ಹವೆ ಕೆಡುವ ಲಕ್ಷಣ ಇದೆ ಎಂದು ಬಂದರಿನ ಅಧಿಕಾರಿಗೆ ಸ್ವತಃ ಅನ್ನಿಸಿದೆ ಎಂಬುದಷ್ಟೇ ಅದರ ಅರ್ಥ. ಸುದ್ದಿಯೇ ಬಾರದಿರುವುದನ್ನು ಹತ್ತಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಇಟ್ಟ ಆ ಹಳೆಯ ನಾವಿಕರ ತಿಳಿವಳಿಕೆ ಸಣ್ಣದಲ್ಲ.

2015ರ ಡಿಸೆಂಬರ್ 1ರ ರಾತ್ರಿ ಚೆನ್ನೈನ ಅನೇಕ ಬಡಾವಣೆಗಳಿಗೆ ಬಂದದ್ದು ಇಂಥದೇ ಸ್ಥಿತಿ. ತಾಂಬರಂನಲ್ಲಿ 24 ಗಂಟೆಯಲ್ಲಿ 49 ಸೆಂಟಿಮೀಟರ್ ಮಳೆ ಸುರಿಯಿತು. ಚೆಂಬರಂಬಾಕ್ಕಂ ಕೆರೆಯಿಂದ ಸೆಕೆಂಡಿಗೆ 29,000 ಘನ ಅಡಿ ನೀರು ಅಡ್ಯಾರ್ ನದಿಗೆ ಬಿತ್ತು. ಕರೆಂಟ್ ಹೋಯಿತು, ಹಿಂದೆಯೇ ಮೊಬೈಲ್ ಟವರುಗಳ ಬ್ಯಾಟರಿ ಬರಿದಾಗಿ ಫೋನುಗಳು ಮೂಕವಾದವು. ವಿಮಾನ ನಿಲ್ದಾಣದ ರನ್‌ವೇ ಮೇಲೆ ನೀರು ನಿಂತಿತು. 1878ರಲ್ಲಿ ಶುರುವಾದ ‘ದಿ ಹಿಂದೂ’ ಪತ್ರಿಕೆಯ ಚೆನ್ನೈ ಆವೃತ್ತಿ ಡಿಸೆಂಬರ್ 2ರಂದು ಅಚ್ಚಾಗಲಿಲ್ಲ. ಕೆಲಸಗಾರರು ಮುದ್ರಣಾಲಯ ತಲುಪಲು ಆಗಲಿಲ್ಲ. ಇಂಥ ಹೊತ್ತಿನಲ್ಲಿ ಮನೆಯವರಿಗೆ ಉಳಿಯುವುದು ಎರಡೇ: ಮನೆಯೊಳಗೆ ಆಗಲೇ ಏನಿದೆ ಎಂಬುದು, ತಲೆಯೊಳಗೆ ಆಗಲೇ ಏನಿದೆ ಎಂಬುದು.

ಉತ್ತರ ಚೆನ್ನೈನ ರಾಯಪುರಂ ಈ ಪಾಠ ಓದಲು ತಕ್ಕ ಜಾಗ. ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು 1856ರಲ್ಲಿ ಹೊರಟದ್ದು ಇಲ್ಲಿಂದ. ಆ ನಿಲ್ದಾಣದ ಕಟ್ಟಡ ಇಂದಿಗೂ ನಿಂತಿದೆ. ಒಂದು ಮಗ್ಗುಲಿಗೆ ಚೆನ್ನೈ ಬಂದರು, ಇನ್ನೊಂದು ಮಗ್ಗುಲಿಗೆ ಕಾಸಿಮೇಡಿನ ಮೀನುಗಾರಿಕೆ ಬಂದರು, ಉತ್ತರಕ್ಕೆ ಸಾಗಿದರೆ ಮಣಲಿ, ಎಣ್ಣೂರಿನ ತೈಲ ಮತ್ತು ರಸಗೊಬ್ಬರ ಕಾರ್ಖಾನೆಗಳು. ಸಮುದ್ರವೂ ಇಲ್ಲಿ ಸುಮ್ಮನಿಲ್ಲ. ಕೋರಮಂಡಲ ಕರಾವಳಿಯಲ್ಲಿ ಅಲೆಗಳು ವರ್ಷಕ್ಕೆ ಹೊತ್ತೊಯ್ಯುವ ಮರಳಿನ ಹೆಚ್ಚಿನ ಪಾಲು ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. 1870ರ ದಶಕದಲ್ಲಿ ಕಟ್ಟಲು ತೊಡಗಿದ ಬಂದರಿನ ಗೋಡೆ ಆ ಮರಳನ್ನು ಅಡ್ಡಗಟ್ಟಿತು. ಗೋಡೆಯ ದಕ್ಷಿಣಕ್ಕೆ ಮರಳು ಪೇರಿಸಿಕೊಂಡು ಮರೀನಾ ಬೀಚು ಅಗಲವಾಯಿತು; ಉತ್ತರಕ್ಕೆ ಮರಳು ಸಿಗದೆ ರಾಯಪುರಂನ ದಡ ಕೊರೆದುಹೋಯಿತು. ಪ್ರವಾಸಿಗಳು ಫೋಟೊ ತೆಗೆಸಿಕೊಳ್ಳುವ ಆ ಹಾಸು ಮರಳಿನ ಬೆಲೆ ತೆತ್ತವರು ಕಾಸಿಮೇಡಿನವರು. ಈಗ ಇಲ್ಲಿ ದಡ ಎಂದರೆ ಕರಿ ಬಂಡೆಗಳ ಸಾಲು. ಅದರ ಹಿಂದೆ ರಸ್ತೆ, ರಸ್ತೆಯ ಹಿಂದೆ ಒತ್ತೊತ್ತಾದ ಓಣಿಗಳು, ವಸತಿ ಮಂಡಳಿಯ ಕಟ್ಟಡಗಳು, ಒಂದೇ ಕೋಣೆಯ ನೆಲಮಹಡಿ ಮನೆಗಳು.

2004ರಿಂದ ಇಪ್ಪತ್ತು ವರ್ಷಗಳಲ್ಲಿ ಈ ಕರಾವಳಿ ಪಟ್ಟಿಗೆ ಬಂದುಹೋದ ಅತಿಥಿಗಳನ್ನು ನೋಡಿ. 2004ರ ಡಿಸೆಂಬರ್ 26ರ ಸುನಾಮಿ. 2015ರ ಮಹಾಮಳೆ. 2016ರ ಡಿಸೆಂಬರ್ 12ರ ವರ್ದಾ ಚಂಡಮಾರುತ. 2017ರ ಜನವರಿ 28ರಂದು ಎಣ್ಣೂರಿನ ಬಳಿ ಎರಡು ಹಡಗು ಡಿಕ್ಕಿ ಹೊಡೆದು ಚೆಲ್ಲಿದ ತೈಲ. ಅದನ್ನು ಜನ ಬಕೆಟ್ಟುಗಳಲ್ಲಿ ಬಾಚಿದ್ದನ್ನು ದೇಶವೇ ಟೀವಿಯಲ್ಲಿ ಕಂಡಿತು. 2020ರ ಬೇಸಿಗೆಯಲ್ಲಿ ಕೋವಿಡ್. ಮಹಾನಗರಪಾಲಿಕೆಯ ರಾಯಪುರಂ ವಲಯ ಆಗ ವಾರಗಟ್ಟಲೆ ನಗರದ ಅತಿ ಹೆಚ್ಚು ಸೋಂಕಿನ ವಲಯವಾಗಿತ್ತು. 2023ರ ಡಿಸೆಂಬರ್ ಆರಂಭದಲ್ಲಿ ಮಿಚಾಂಗ್ ಚಂಡಮಾರುತದ ಮಳೆ. ಅದೇ ತಿಂಗಳ 26ರ ನಡುರಾತ್ರಿ ಎಣ್ಣೂರಿನಲ್ಲಿ ಅಮೋನಿಯಾ ಸೋರಿಕೆ.

ಇಂಥ ಕಡೆ ಅಂತರ್ಜಾಲದಲ್ಲಿ ಸಿಗುವ ಅಮೆರಿಕದ ‘ತುರ್ತು ಚೀಲ’ದ ಪಟ್ಟಿ ಅಷ್ಟಾಗಿ ಒದಗುವುದಿಲ್ಲ. ಆ ಪಟ್ಟಿಗೆ ಕಾರು ಬೇಕು, ಗ್ಯಾರೇಜು ಬೇಕು, ಮೂರು ದಿನದ ಡಬ್ಬಿ ಆಹಾರ ಇಡಲು ಕಪಾಟು ಬೇಕು. ಹತ್ತಡಿ ಅಗಲದ ಕೋಣೆಯಲ್ಲಿ ಐದು ಜನ ಮಲಗುವ ಮನೆಗೆ ಬೇಕಾದ ಸಿದ್ಧತೆ ಬೇರೆ. ಅದು ಅಡುಗೆಮನೆಯ ಮೂಲೆಯಲ್ಲಿರುವ ಕೆಂಪು ಸಿಲಿಂಡರಿನಿಂದ ಶುರುವಾಗುತ್ತದೆ.

ತುಂಬಿದ ಸಿಲಿಂಡರ್ ನೀರಿನಲ್ಲಿ ಮುಳುಗುತ್ತದೋ ತೇಲುತ್ತದೋ? ಎತ್ತಿ ಸೊಂಟ ಹಿಡಿದವರೆಲ್ಲ ಮುಳುಗುತ್ತದೆ ಎಂದೇ ಹೇಳುತ್ತಾರೆ. ಲೆಕ್ಕ ಬೇರೆ ಹೇಳುತ್ತದೆ. ಅಡುಗೆಮನೆಯ ಸಿಲಿಂಡರಿನ ಒಳಗಿನ ಗಾತ್ರ ಸುಮಾರು 33 ಲೀಟರ್. ಉಕ್ಕಿನ ಗೋಡೆಯ ಗಾತ್ರ ಇನ್ನೆರಡು ಲೀಟರ್ ಎಂದುಕೊಂಡರೆ, ಪೂರ್ತಿ ಮುಳುಗಿದ ಸಿಲಿಂಡರ್ 35 ಲೀಟರ್ ನೀರನ್ನು ಸರಿಸಬೇಕು, ಅಂದರೆ 35 ಕೆ.ಜಿ. ನೀರು. ಸಿಲಿಂಡರಿನ ತೂಕವೋ, ಖಾಲಿ ಉಕ್ಕು ಹದಿನೈದು ಹದಿನಾರು ಕೆ.ಜಿ., ಅನಿಲ 14.2 ಕೆ.ಜಿ., ಒಟ್ಟು ಮೂವತ್ತರ ಆಸುಪಾಸು. ಆರ್ಕಿಮಿಡೀಸನ ನಿಯಮಕ್ಕೆ ಸಿಲಿಂಡರ್ ತುಂಬಿದೆಯೋ ಖಾಲಿಯೋ ಎಂಬ ದಾಕ್ಷಿಣ್ಯವಿಲ್ಲ, ಎರಡೂ ತೇಲುತ್ತವೆ. ತುಂಬಿದ್ದು ತಲೆಯಷ್ಟನ್ನು ಹೊರಗಿಟ್ಟು ತೇಲಿದರೆ, ಖಾಲಿಯದು ಅರ್ಧಕ್ಕಿಂತ ಹೆಚ್ಚು ಮೇಲೆದ್ದು ಹೊರಳಾಡುತ್ತದೆ.

ನೀರು ಮೊಣಕಾಲು ದಾಟಿದ ಮನೆಯಲ್ಲಿ ಇದರ ಪರಿಣಾಮ ಊಹಿಸುವುದು ಕಷ್ಟವಲ್ಲ. ಸಿಲಿಂಡರ್ ಎದ್ದು ವಾಲುತ್ತದೆ, ರಬ್ಬರ್ ಟ್ಯೂಬು ಜಗ್ಗುತ್ತದೆ, ಒಲೆಯ ಕಡೆಯ ತುದಿ ಕಳಚಿಕೊಳ್ಳುತ್ತದೆ. ಎಲ್‌ಪಿಜಿ ಗಾಳಿಗಿಂತ ಒಂದೂವರೆ ಎರಡು ಪಟ್ಟು ಭಾರ. ಹಾಗಾಗಿ ಅದು ಕಿಟಕಿಯ ಕಡೆ ಏರದೆ ನೀರಿನ ಮೇಲ್ಮೈಯಲ್ಲೇ ಪದರ ಕಟ್ಟುತ್ತದೆ. ಆಗ ಕರೆಂಟ್ ಹೋಗಿದೆ ಎಂದು ಯಾರೋ ಮೇಣದಬತ್ತಿ ಹಚ್ಚುತ್ತಾರೆ. ಈ ಸರಣಿಯನ್ನು ತುಂಡರಿಸಲು ದುಡ್ಡು ಬೇಕಿಲ್ಲ. ಮಳೆಯ ಎಚ್ಚರಿಕೆ ಬಂದ ಸಂಜೆ ಅಡುಗೆ ಮುಗಿದ ಮೇಲೆ ರೆಗ್ಯುಲೇಟರ್ ಮುಚ್ಚಿ, ಕಳಚಿ, ಸಿಲಿಂಡರಿನ ಬಾಯಿಗೆ ಅದರದೇ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಹಿಡಿಕೆಯನ್ನು ಕಿಟಕಿಯ ಸರಳಿಗೆ ಹಗ್ಗದಿಂದ ನೆಟ್ಟಗೆ ಕಟ್ಟಿದರೆ ಆಯಿತು. ದಾರ ಕಟ್ಟಿದ ಆ ಮುಚ್ಚಳವನ್ನು ಕಿತ್ತು ಎಸೆಯುವ ಮನೆಗಳೇ ಹೆಚ್ಚು. ಮೇಣದಬತ್ತಿಯ ಜಾಗಕ್ಕೆ ಟಾರ್ಚು ಬರಲಿ.

ಎರಡನೆಯದು ಕರೆಂಟು. ಚೆನ್ನೈನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಪ್ರತಿ ಮಳೆಗಾಲದಲ್ಲೂ ಸಾಯುವವರಲ್ಲಿ ಕೆಲವರು ನೀರಿನಲ್ಲಿ ಮುಳುಗಿದವರಲ್ಲ, ನೀರಿನಲ್ಲಿ ಕೈಯೋ ಕಾಲೋ ಇಟ್ಟವರು. ಒಣ ಚರ್ಮ ವಿದ್ಯುತ್ತಿಗೆ ಒಡ್ಡುವ ತಡೆ ಹತ್ತಾರು ಸಾವಿರ ಓಮ್ ಇರಬಹುದು. ಅದೇ ಚರ್ಮ ನೆನೆದರೆ ತಡೆ ಸಾವಿರ ಓಮ್ ಆಸುಪಾಸಿಗೆ ಇಳಿಯುತ್ತದೆ. 230 ವೋಲ್ಟನ್ನು ಸಾವಿರದಿಂದ ಭಾಗಿಸಿದರೆ 230 ಮಿಲಿಆಂಪಿಯರ್. ಎದೆಯ ಮೂಲಕ ಹಾದರೆ ಅದರ ಕಾಲುಭಾಗವೂ ಹೃದಯದ ಬಡಿತವನ್ನು ಕಂಪನವಾಗಿ ಕೆಡಿಸಲು ಸಾಕು. ಒಣಗಿದ ದಿನ ‘ಸ್ವಲ್ಪ ಜುಂ ಅಂದಿತು’ ಎಂದು ನಕ್ಕು ಮರೆತ ಅದೇ ಫ್ರಿಜ್ಜು ನೆಲ ಒದ್ದೆಯಾದ ದಿನ ಕೊಲ್ಲಬಲ್ಲದು.

ಇಲ್ಲೊಂದು ಗೊಂದಲ ವ್ಯಾಪಕವಾಗಿದೆ. ಬೋರ್ಡಿನಲ್ಲಿ ಎಂಸಿಬಿ ಇದೆಯಲ್ಲ, ಶಾಕ್ ಹೊಡೆದರೆ ಅದೇ ಬೀಳುತ್ತದೆ ಎಂದು ಜನ ನಂಬುತ್ತಾರೆ. 16 ಆಂಪಿಯರಿನ ಎಂಸಿಬಿ ಬೀಳಬೇಕಾದರೆ ಹದಿನಾರು ಆಂಪಿಯರಿಗಿಂತ ಹೆಚ್ಚು ಹರಿಯಬೇಕು. ಅದು ತಂತಿಯನ್ನು ಕಾಯುವ ಸಾಧನ. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಹೋಗುವ ತಂತಿಯಲ್ಲಿ ಎಷ್ಟು ಕರೆಂಟ್ ಹೋಯಿತೋ ಬರುವ ತಂತಿಯಲ್ಲಿ ಅಷ್ಟೇ ಮರಳಿತೇ ಎಂದು ಅದು ಸದಾ ತಾಳೆ ನೋಡುತ್ತದೆ. 30 ಮಿಲಿಆಂಪಿಯರ್ ಲೆಕ್ಕ ತಪ್ಪಿದರೆ, ಅಂದರೆ ಯಾರದೋ ಮೈಯ ಮೂಲಕ ನೆಲಕ್ಕೆ ಸೋರಿದರೆ, ಸೆಕೆಂಡಿನ ಸಣ್ಣ ಪಾಲಿನಲ್ಲಿ ಕಡಿದುಹಾಕುತ್ತದೆ. ಹಳೆಯ ಬಾಡಿಗೆ ಮನೆಗಳಲ್ಲಿ ಇದು ಇರುವುದು ಅಪರೂಪ. ಮಾಲೀಕರು ಮೂರು ಸಲ ಬಣ್ಣ ಬಳಿಸುವ ಬದಲು ಒಂದು ಸಲ ಇದನ್ನು ಹಾಕಿಸಬಹುದು. ಅದು ಇರಲಿ ಬಿಡಲಿ, ನೀರು ಪ್ಲಗ್ ಪಾಯಿಂಟಿನ ಎತ್ತರಕ್ಕೆ ಬರುವ ಮೊದಲೇ, ಕಾಲು ಒಣಗಿರುವಾಗಲೇ ಮೇನ್ ಸ್ವಿಚ್ ಇಳಿಸುವುದು ಮನೆಯ ಕೆಲಸ. ಬೋರ್ಡಿನ ಬಳಿ ಆಗಲೇ ನೀರು ನಿಂತಿದ್ದರೆ ಮುಟ್ಟುವಂತಿಲ್ಲ. ವಿದ್ಯುತ್ ಕಚೇರಿಗೆ ಹೇಳಿ ಬೀದಿಯ ಕಡೆಯಿಂದ ತೆಗೆಸಬೇಕು. ನೆಲದ ಮೇಲಿಟ್ಟ ಇನ್ವರ್ಟರ್ ಬ್ಯಾಟರಿಯನ್ನು ಮೇನ್ ಸ್ವಿಚ್ ಇಳಿಸಿದರೂ ಜೀವಂತ ಎಂದೇ ತಿಳಿಯಬೇಕು.

ಇನ್ನು ನೀರು. ಊರೆಲ್ಲ ನೀರಾದಾಗ ಮೊದಲು ತೀರುವುದು ಕುಡಿಯುವ ನೀರೇ. ಉತ್ತರ ಚೆನ್ನೈನ ಓಣಿಗಳಲ್ಲಿ ಮನೆಯೆದುರು ಸಾಲಾಗಿ ನಿಂತ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳೇ ಊರಿನ ಗುರುತು. ಮೆಟ್ರೊ ವಾಟರ್ ಲಾರಿ, ಬೀದಿಯ ಕೈಪಂಪು, ಇಪ್ಪತ್ತು ಲೀಟರಿನ ಕ್ಯಾನು, ಇವು ಮೂರರ ನಡುವೆ ದಿನ ಸಾಗುತ್ತದೆ. ಪ್ರವಾಹ ಬಂದರೆ ಲಾರಿ ಬರುವುದಿಲ್ಲ, ಕ್ಯಾನಿನ ಹುಡುಗನೂ ಬರುವುದಿಲ್ಲ. ನಲ್ಲಿಯಲ್ಲಿ ಬಂದ ನೀರೂ ನಂಬುವಂತಿಲ್ಲ. ಕಾರಣ ಒತ್ತಡದಲ್ಲಿದೆ. ಇಪ್ಪತ್ನಾಲ್ಕು ಗಂಟೆಯೂ ನೀರು ತುಂಬಿ ಹರಿಯುವ ಕೊಳವೆಯಲ್ಲಿ ಬಿರುಕಿದ್ದರೆ ನೀರು ಹೊರಗೆ ಸೋರುತ್ತದೆ, ಕೊಳೆ ಒಳಗೆ ಬರಲಾರದು. ಬಿಟ್ಟು ಬಿಟ್ಟು ಬರುವ ನಮ್ಮ ಊರುಗಳ ನೀರಿನಲ್ಲಿ ಕೊಳವೆ ಖಾಲಿಯಾದಾಗ ಒಳಗಿನ ಒತ್ತಡ ಇಳಿದು, ಪಕ್ಕದ ಒಳಚರಂಡಿಯಿಂದ ನೆಲಕ್ಕೆ ಇಂಗಿದ ಕೊಳೆ ಅದೇ ಬಿರುಕಿನಿಂದ ಒಳಸೇರುತ್ತದೆ.

ಎಷ್ಟು ಕೂಡಿಡಬೇಕು? ವಿಪತ್ತಿನ ಪರಿಹಾರ ಕಾರ್ಯಕ್ಕಾಗಿ ರೂಪಿಸಿದ ಅಂತರರಾಷ್ಟ್ರೀಯ ಸ್ಫಿಯರ್ ಮಾನದಂಡದಲ್ಲಿ ಒಬ್ಬರಿಗೆ ದಿನಕ್ಕೆ ಕುಡಿಯಲು, ಅಡುಗೆಗೆ, ಮೈತೊಳೆಯಲು ಸೇರಿ ಕನಿಷ್ಠ 15 ಲೀಟರ್ ಎಂದಿದೆ. ಅದರಲ್ಲಿ ಬರೀ ಕುಡಿಯಲು ಬೇಕಾದದ್ದು ಸುಮಾರು ಮೂರು ಲೀಟರ್. ನಾಲ್ವರ ಮನೆಗೆ ಮೂರು ದಿನದ ಕುಡಿಯುವ ನೀರೆಂದರೆ 36 ಲೀಟರ್, ಹೆಚ್ಚುಕಡಿಮೆ ಎರಡು ಕ್ಯಾನು. ಒಟ್ಟು ಬಳಕೆಗೆ 180 ಲೀಟರ್, ಒಂದು ಡ್ರಮ್ಮು. ಕಾಸಿಮೇಡಿನ ಗೃಹಿಣಿಗೆ ಈ ಲೆಕ್ಕ ಯಾರೂ ಕಲಿಸಬೇಕಿಲ್ಲ. ಕಲಿಯಬೇಕಾದವರು ನಲ್ಲಿ ತಿರುಗಿಸಿದರೆ ನೀರು ಬರುತ್ತದೆಂದು ನಂಬಿದ ಹತ್ತನೇ ಮಹಡಿಯವರು. ಪಂಪಿಗೆ ಕರೆಂಟ್ ಇಲ್ಲದಿದ್ದರೆ ಅವರ ಟ್ಯಾಂಕು ಒಂದೇ ದಿನದಲ್ಲಿ ಬರಿದು.

ಶುದ್ಧೀಕರಣದ ವಿಷಯದಲ್ಲಿ ಒಂದು ಸೊಗಸಾದ ಪ್ರಯೋಗವಿದೆ. ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ಹೆಂಗಸರಿಗೆ ಹಳೆಯ ಹತ್ತಿಯ ಸೀರೆಯನ್ನು ಹಲವು ಪದರ ಮಡಚಿ ಕೊಡದ ಬಾಯಿಗೆ ಕಟ್ಟಿ ನೀರು ಸೋಸಲು ಹೇಳಿಕೊಟ್ಟರು. ಕಾಲರಾ ರೋಗಾಣು ಅತಿ ಸಣ್ಣದು, ಬಟ್ಟೆಯಲ್ಲಿ ಸಲೀಸಾಗಿ ನುಸುಳುತ್ತದೆ. ಆದರೆ ನೀರಿನಲ್ಲಿ ಅದು ಹೆಚ್ಚಾಗಿ ಇರುವುದು ಪುಟ್ಟ ಕಠಿಣಚರ್ಮಿ ಜೀವಿಗಳ ಮೈಗಂಟಿಕೊಂಡು. ಆ ಜೀವಿಗಳು ಬಟ್ಟೆಗೆ ಸಿಕ್ಕಿಬೀಳುತ್ತವೆ. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಾಲರಾ ಶೇಕಡ 48ರಷ್ಟು ಇಳಿಯಿತು. ಹೊಸ ಸೀರೆಗಿಂತ ತೊಳೆದು ತೊಳೆದು ನೂಲು ಜುಂಗೆದ್ದ ಹಳೆಯದೇ ವಾಸಿ. ಅದರ ಕಣ್ಣುಗಳು ಕಿರಿದಾಗಿರುತ್ತವೆ. ಹಾಗೆಂದು ಸೋಸಿದ್ದಷ್ಟೇ ಸಾಕಾಗದು. ಸೋಸಿದ ನೀರನ್ನು ಕೊತಕೊತ ಕುದಿಸಬೇಕು. ಒಂದು ನಿಮಿಷ ಕುದಿದರೂ ರೋಗಾಣುಗಳು ಉಳಿಯುವುದಿಲ್ಲ. ಉರುವಲಿಲ್ಲದಿದ್ದರೆ ಕ್ಲೋರಿನ್ ಮಾತ್ರೆಯನ್ನು ಪೊಟ್ಟಣದ ಮೇಲೆ ಹೇಳಿದ ಅಳತೆಗೆ ಹಾಕಿ ಅರ್ಧ ಗಂಟೆ ಕಾಯಬೇಕು. ಕಲಕು ನೀರಿಗೆ ನೇರವಾಗಿ ಹಾಕಿದ ಕ್ಲೋರಿನ್ ಕೆಸರಿನ ಜೊತೆಗೇ ಕಾದಾಡಿ ಮುಗಿದುಹೋಗುತ್ತದೆ. ಆದ್ದರಿಂದ ಸೀರೆ ಮೊದಲು, ಮಾತ್ರೆ ಆಮೇಲೆ. ಇಷ್ಟಾಗಿಯೂ ಭೇದಿ ಹಿಡಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು.

ಹೊಟ್ಟೆಯ ಸಿದ್ಧತೆಗೆ ಹೆಚ್ಚು ಮಾತು ಬೇಡ. ಬೇಯಿಸದೆ ತಿನ್ನಬಹುದಾದ ಅವಲಕ್ಕಿ, ಹುರಿಗಡಲೆ, ಬೆಲ್ಲ, ಬಿಸ್ಕತ್ತು. ಕೂಸಿದ್ದರೆ ಹಾಲಿನ ಪುಡಿ. ನಮ್ಮ ಅಜ್ಜಿಯರ ಯಾತ್ರೆಯ ಗಂಟೇ ಸಾಕು.

ನೋಟಿನ ಕಥೆಗೆ ಮಾತ್ರ ಸ್ವಲ್ಪ ನಿಲ್ಲಬೇಕು. ವರ್ದಾ ಚೆನ್ನೈಗೆ ಅಪ್ಪಳಿಸಿದ್ದು ನೋಟು ರದ್ದತಿಯಾಗಿ ಸುಮಾರು ಒಂದು ತಿಂಗಳ ಮೇಲೆ. ಸಾವಿರಾರು ಮರ ಉರುಳಿ, ಕಂಬ ಮುರಿದು, ಎಷ್ಟೋ ಬಡಾವಣೆಗಳಿಗೆ ದಿನಗಟ್ಟಲೆ ಕರೆಂಟ್ ಇಲ್ಲ. ಎಟಿಎಂ ಸತ್ತಿದೆ, ಕಾರ್ಡ್ ಉಜ್ಜುವ ಯಂತ್ರ ಸತ್ತಿದೆ, ಕೈಯಲ್ಲಿ ನೋಟಿಲ್ಲ, ಇದ್ದರೂ ಎರಡು ಸಾವಿರದ್ದು, ಚಿಲ್ಲರೆ ಇಲ್ಲ. ಈಗ ಎಳನೀರು ಮಾರುವವರಿಂದ ಹಿಡಿದು ಎಲ್ಲರೂ ಕ್ಯೂಆರ್ ಕೋಡ್ ನೇತುಹಾಕಿದ್ದಾರೆ. ಟವರ್ ಬಿದ್ದ ದಿನ ಆ ಹಲಗೆಗೆ ಬೆಲೆಯಿಲ್ಲ. ಹತ್ತು, ಇಪ್ಪತ್ತು, ಐವತ್ತರ ನೋಟುಗಳ ಒಂದು ಕಟ್ಟು, ನಾಲ್ಕೈದು ದಿನದ ಹಾಲು, ತರಕಾರಿ, ಆಟೋ ಖರ್ಚಿಗಾಗುವಷ್ಟು, ಪ್ಲಾಸ್ಟಿಕ್ ಚೀಲದಲ್ಲಿರಲಿ.

ಅದೇ ಚೀಲದಲ್ಲಿ ಕಾಗದಪತ್ರ. 2015ರ ನೆರೆ ಇಳಿದ ಮೇಲೆ ರೇಷನ್ ಕಾರ್ಡ್, ಆಧಾರ್, ಅಂಕಪಟ್ಟಿ, ಮನೆಪತ್ರ ಕಳೆದುಕೊಂಡವರಿಗಾಗಿ ತಮಿಳುನಾಡು ಸರ್ಕಾರ ವಿಶೇಷ ಶಿಬಿರಗಳನ್ನೇ ನಡೆಸಬೇಕಾಯಿತು. ಪರಿಹಾರದ ಹಣ ಬರುವುದು ಕಾರ್ಡಿದ್ದವರಿಗೆ; ಕಾರ್ಡು ಕೊಚ್ಚಿಹೋದದ್ದೂ ಅದೇ ನೀರಿಗೆ. ಡಿಜಿಲಾಕರ್ ಅದೇ ವರ್ಷದ ಜುಲೈನಲ್ಲಿ ಶುರುವಾಗಿತ್ತು, ಆದರೆ ಆಗ ಬಳಸುವವರು ಕಡಿಮೆ. ಈಗ ನೆಪವಿಲ್ಲ. ಅದರ ಜೊತೆಗೆ ಮನೆಯ ಪ್ರತಿಯೊಬ್ಬರ ಹೆಸರು, ರಕ್ತದ ಗುಂಪು, ದಿನವೂ ನುಂಗುವ ಮಾತ್ರೆಯ ಹೆಸರು ಮತ್ತು ಪ್ರಮಾಣ, ಹತ್ತು ಫೋನ್ ನಂಬರು ಬರೆದ ಕಾಗದವೂ ಇರಲಿ. ಫೋನ್ ಸತ್ತರೆ ಹೆಂಡತಿಯ ನಂಬರೂ ನೆನಪಿರದ ಕಾಲ ಇದು.

ಮಾತ್ರೆಯ ಮಾತು ಬಂತು. ಬಿಪಿ, ಸಕ್ಕರೆ, ಮೂರ್ಛೆರೋಗದ ಮಾತ್ರೆಗಳನ್ನು ತಿಂಗಳ ಕೊನೆಯ ಗುಳಿಗೆ ಮುಗಿದ ಮೇಲೆ ತರುವ ಅಭ್ಯಾಸವಿದ್ದರೆ, ಒಂದು ವಾರದ ಮುಂಗಡ ಸದಾ ಇರುವಂತೆ ಬದಲಿಸಬೇಕು. ಕರೆಂಟ್ ಹೋದರೆ ಇನ್ಸುಲಿನ್ ಕೆಟ್ಟಿತೆಂದು ಚೆಲ್ಲುವವರಿದ್ದಾರೆ. ಬಿಸಿಲು ತಾಗದ ತಂಪು ಜಾಗದಲ್ಲಿ ಹೆಚ್ಚಿನ ಇನ್ಸುಲಿನ್‌ಗಳು ಫ್ರಿಜ್ಜಿಲ್ಲದೆಯೂ ಸುಮಾರು ನಾಲ್ಕು ವಾರ ತಡೆಯುತ್ತವೆ. ನೀರು ತುಂಬಿದ ಮಡಕೆಯ ತಂಪಿನ ಪಕ್ಕ ಇಟ್ಟರಾಯಿತು. ಸೀಸೆಯ ಜೊತೆಗಿನ ಚೀಟಿಯನ್ನು ಇವತ್ತೇ ಓದಿಟ್ಟುಕೊಳ್ಳುವುದು ಒಳ್ಳೆಯದು.

ಫೋನಿನ ಬಗ್ಗೆ ಎರಡು ಮಾತು. ಟವರ್ ಸಿಗದ ಕಡೆ ಫೋನು ಹೆಚ್ಚು ಶಕ್ತಿ ಸುರಿದು ಟವರನ್ನು ಹುಡುಕುತ್ತಲೇ ಇರುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಏರೋಪ್ಲೇನ್ ಮೋಡಿನಲ್ಲಿಟ್ಟು ಗಂಟೆಗೊಮ್ಮೆ ತೆರೆದು ನೋಡುವುದು ಜಾಣತನ. ಕರೆ ಹೋಗದಿದ್ದರೂ ಎಸ್ಸೆಮ್ಮೆಸ್ ಹೋಗಬಹುದು. ಅದಕ್ಕೆ ಸಂಪರ್ಕ ಉದ್ದಕ್ಕೂ ಹಿಡಿದಿರಬೇಕಾಗಿಲ್ಲ, ದಾರಿ ಸಿಕ್ಕಾಗ ಸಾಗುತ್ತದೆ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಲಕ್ಷಾಂತರ ಫೋನುಗಳು ಒಟ್ಟಿಗೇ ಕಿರುಚಿ ಜನರನ್ನು ಬೆಚ್ಚಿಬೀಳಿಸಿದವಲ್ಲ, ಅದು ಟವರಿನಿಂದ ಎಲ್ಲರಿಗೂ ಒಮ್ಮೆಲೇ ಬಿತ್ತರಿಸುವ ಎಚ್ಚರಿಕೆಯ ಪರೀಕ್ಷೆ. ಟವರಿಗೇ ಜೀವವಿಲ್ಲದಿದ್ದರೆ ಅದೂ ಮೌನ. ಸೆಲ್ ಹಾಕಿದ ಪುಟ್ಟ ರೇಡಿಯೊ ಹಳೆಯ ಕಾಲದ್ದೆಂದು ಮೂಗು ಮುರಿಯುವವರು ಇದನ್ನು ಯೋಚಿಸಬೇಕು.

ಸಾಮಾನು ಮುಗಿಯಿತು. ಹೆಚ್ಚು ಕಷ್ಟದ ಸಿದ್ಧತೆ ತಲೆಯೊಳಗಿನದು: ಯಾವಾಗ ಎತ್ತ ಹೋಗಬೇಕು ಎಂಬುದು. ರಾಯಪುರಂನಲ್ಲಿ ಇದಕ್ಕೆ ಒಂದೇ ಉತ್ತರವಿಲ್ಲ, ಏಕೆಂದರೆ ಒಂದೊಂದು ಅಪಾಯ ಒಂದೊಂದು ದಿಕ್ಕು ತೋರಿಸುತ್ತದೆ.

2004ರ ಆ ಭಾನುವಾರ ಬೆಳಗ್ಗೆ 6.29ಕ್ಕೆ ಸುಮಾತ್ರಾದ ಬಳಿ ನೆಲ ನಡುಗಿತು. ಚೆನ್ನೈನಲ್ಲೂ ಕಂಪನ ಗೊತ್ತಾಗಿ ಹಲವರು ಮನೆಯಿಂದ ಹೊರಬಂದರು, ಮತ್ತೆ ಒಳಹೋದರು. ಆಳಸಮುದ್ರದಲ್ಲಿ ಸುನಾಮಿಯ ವೇಗ ನೀರಿನ ಆಳಕ್ಕೆ ಹೊಂದಿಕೊಂಡಿರುತ್ತದೆ. ನಾಲ್ಕು ಸಾವಿರ ಮೀಟರ್ ಆಳದಲ್ಲಿ ಅದು ಗಂಟೆಗೆ 700 ಕಿಲೋಮೀಟರ್, ಜೆಟ್ ವಿಮಾನದ ಹತ್ತಿರ. ಹತ್ತು ಮೀಟರ್ ಆಳದ ದಡದಲ್ಲಿ 36 ಕಿಲೋಮೀಟರ್. ಹಿಂದಿನ ನೀರು ಮುಂದಿನ ನೀರನ್ನು ಒತ್ತಿ ಅಲೆ ಎತ್ತರವಾಗುವುದು ಈ ನಿಧಾನದಿಂದಲೇ. ಸುಮಾರು ಎರಡೂವರೆ ಗಂಟೆಯ ಮೇಲೆ ಅದು ಚೆನ್ನೈ ಮುಟ್ಟಿತು. ಎರಡೂವರೆ ಗಂಟೆ! ಯಾರ ಬಳಿಯೂ ಇಲ್ಲದ್ದು ಸಮಯವಲ್ಲ, ಸುದ್ದಿ. ಈಗ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯಲ್ಲಿ 2007ರಿಂದ ಎಚ್ಚರಿಕೆ ಕೇಂದ್ರವಿದೆ. 2012ರ ಏಪ್ರಿಲ್ 11ರ ಮಧ್ಯಾಹ್ನ ಸುಮಾತ್ರಾದ ಆಚೆ 8.6 ತೀವ್ರತೆಯ ಭೂಕಂಪವಾದಾಗ ಚೆನ್ನೈನಲ್ಲಿ ಜನ ಕಚೇರಿಗಳಿಂದ ಇಳಿದರು, ಕರಾವಳಿಗೆ ಎಚ್ಚರಿಕೆ ಹೋಯಿತು. ದೊಡ್ಡ ಅಲೆ ಬರಲಿಲ್ಲ. ಆ ಸಲ ಶಿಲಾಫಲಕಗಳು ಪಕ್ಕಕ್ಕೆ ಜಾರಿದ್ದವು, ಮೇಲಕ್ಕೆ ನೀರನ್ನು ಎತ್ತಿರಲಿಲ್ಲ. ‘ಸುಮ್ಮನೆ ಓಡಿಸಿದರು’ ಎಂದು ಗೊಣಗಿದವರಿದ್ದರು. ಮುಂದಿನ ಸಲ ಅವರು ಓಡದಿದ್ದರೆ ಎಂಬುದೇ ವಿಜ್ಞಾನಿಗಳ ಚಿಂತೆ.

ಸುನಾಮಿಗೆ ದಡ ಬಿಟ್ಟು ಒಳನಾಡಿಗೆ ಹೋಗಬೇಕು. ಹೊತ್ತಿಲ್ಲದಿದ್ದರೆ ಗಟ್ಟಿ ಕಾಂಕ್ರೀಟ್ ಕಟ್ಟಡದ ಮೂರನೇ ಮಹಡಿಗೆ. ಚಂಡಮಾರುತಕ್ಕೆ ಗಟ್ಟಿ ಸೂರಿನ ಒಳಗಿರಬೇಕು. ವರ್ದಾದ ಕಣ್ಣು ನಗರದ ಮೇಲೆ ಹಾದಾಗ ಮಳೆ ಗಾಳಿ ಎರಡೂ ಅಡಗಿ ಜನ ಹೊರಬಂದರು. ಆಮೇಲೆ ಗಾಳಿ ಎದುರು ದಿಕ್ಕಿನಿಂದ ಬೀಸಿತು. ಮೊದಲ ಹೊಡೆತಕ್ಕೆ ಬೇರು ಸಡಿಲಗೊಂಡ ಮರಗಳು ಬೀಳುವುದು ಇಂಥ ಎರಡನೆಯ ಹೊಡೆತಕ್ಕೆ.

ಅಮೋನಿಯಾಕ್ಕೆ ಇವೆರಡೂ ಸಲ್ಲ. 2023ರ ಡಿಸೆಂಬರ್ 26ರ ರಾತ್ರಿ ಸಮುದ್ರದಡಿಯ ಕೊಳವೆಯಿಂದ ಅನಿಲ ಸೋರಿದಾಗ ಎಣ್ಣೂರಿನ ಹಳ್ಳಿಗರು ಕಣ್ಣುರಿ, ಕೆಮ್ಮಿನಿಂದ ಎಚ್ಚೆತ್ತು ಕತ್ತಲಲ್ಲಿ ಬೀದಿಗೆ ಓಡಿದರು. ಹಲವರು ಆಸ್ಪತ್ರೆ ಸೇರಿದರು. ಎತ್ತ ಓಡಬೇಕೆಂದು ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲವೆಂದರೆ ತಪ್ಪು ಅವರದಲ್ಲ. ಅನಿಲ ಗಾಳಿಯ ಜೊತೆ ಸಾಗುತ್ತದೆ, ಮನುಷ್ಯನಿಗಿಂತ ಬೇಗ. ಗಾಳಿ ಹೋಗುವ ದಿಕ್ಕಿಗೆ ಓಡಿದರೆ ಅನಿಲದೊಡನೆಯೇ ಓಡಿದಂತೆ. ಬಟ್ಟೆಯೋ ಬಾವುಟವೋ ಹಾರುವುದನ್ನು ನೋಡಿ ಅದಕ್ಕೆ ಅಡ್ಡಲಾಗಿ ಸರಿಯಬೇಕು. ಅಮೋನಿಯಾ ನೀರಿಗೆ ಆಸೆಬುರುಕ. ಒಂದು ಪಾಲು ನೀರು ನೂರಾರು ಪಾಲು ಅನಿಲವನ್ನು ಕರಗಿಸಿಕೊಳ್ಳುತ್ತದೆ. ಕಣ್ಣು ಗಂಟಲಿನ ತೇವಕ್ಕೆ ಅದು ನುಗ್ಗುವುದು ಅದಕ್ಕೇ, ಒದ್ದೆ ಟವೆಲ್ ಮೂಗಿಗೆ ಕಟ್ಟಿದರೆ ತಡೆಯುವುದೂ ಅದಕ್ಕೇ. ಹೊರಗೆ ಹೋಗಲಾಗದಿದ್ದರೆ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಫ್ಯಾನ್ ನಿಲ್ಲಿಸಿ ಒಳಗೇ ಇರಬಹುದು.

ಇಷ್ಟೆಲ್ಲ ಹೇಳಿದ ಮೇಲೂ, ಜೀವ ಉಳಿಸಿದ್ದು ಹೆಚ್ಚಾಗಿ ಚೀಲವಲ್ಲ ಎಂಬುದನ್ನು ಒಪ್ಪಬೇಕು. 1995ರ ಕೋಬೆ ಭೂಕಂಪದಲ್ಲಿ ಅವಶೇಷಗಳಡಿಯಿಂದ ಜೀವಂತ ಬಂದವರಲ್ಲಿ ಬಹುಪಾಲನ್ನು ಎಳೆದು ತೆಗೆದವರು ಮನೆಯವರು ಮತ್ತು ನೆರೆಯವರು. ಜಪಾನಿನಂಥ ಜಪಾನಿನಲ್ಲೇ ಹೀಗೆ. ಸುಮಾತ್ರಾದ ಪಕ್ಕದ ಸಿಮೆಲೂಯೆ ದ್ವೀಪದಲ್ಲಿ 1907ರ ಸುನಾಮಿಯ ಕಥೆಯನ್ನು ಅಜ್ಜ ಅಜ್ಜಿಯರು ಹೇಳುತ್ತಲೇ ಬಂದಿದ್ದರು: ನೆಲ ಜೋರಾಗಿ ನಡುಗಿ ಸಮುದ್ರ ಹಿಂದೆ ಸರಿದರೆ ಗುಡ್ಡ ಹತ್ತು. 2004ರಲ್ಲಿ ಆ ದ್ವೀಪಕ್ಕೆ ಸಿಕ್ಕಿದ್ದು ಕೆಲವೇ ನಿಮಿಷ. ಸುಮಾರು 78,000 ಜನರಲ್ಲಿ ಸತ್ತವರು ಏಳು.

ಅದೇ ದಿನ ಚೆನ್ನೈನಿಂದ ದಕ್ಷಿಣಕ್ಕೆ, ಪುದುಚೇರಿಯ ನಲ್ಲವಾಡು ಎಂಬ ಮೀನುಗಾರರ ಊರಿಗೆ ಸಿಂಗಪುರದಿಂದ ಒಂದು ಕರೆ ಬಂತು. ಅಲ್ಲಿ ದುಡಿಯುತ್ತಿದ್ದ ಊರಿನ ಯುವಕ ಟೀವಿಯಲ್ಲಿ ಸುದ್ದಿ ನೋಡಿ ಮನೆಗೆ ಫೋನ್ ಮಾಡಿದ. ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಆ ಊರಲ್ಲಿ ಒಂದು ಜ್ಞಾನಕೇಂದ್ರ ತೆರೆದಿತ್ತು. ಮೀನುಗಾರರಿಗೆ ಅಲೆಯ ಎತ್ತರ ತಿಳಿಸಲು ಅದಕ್ಕೆ ಧ್ವನಿವರ್ಧಕವಿತ್ತು. ಊರವರು ಬಾಗಿಲು ಒಡೆದು ಒಳಹೋಗಿ ಮೈಕಿನಲ್ಲಿ ಕೂಗಿದರು. ಸುಮಾರು 3,600 ಜನರ ಊರಲ್ಲಿ ಒಬ್ಬರೂ ಸಾಯಲಿಲ್ಲ. ದಿನವೂ ಬಳಕೆಯಲ್ಲಿದ್ದ ಯಂತ್ರವಾದ್ದರಿಂದಲೇ ಅದು ಆ ಹೊತ್ತಿಗೆ ಒದಗಿತು. ವರ್ಷಕ್ಕೊಮ್ಮೆ ಧೂಳು ಒರೆಸುವ ಸೈರನ್ನಿನ ಮೇಲೆ ಅಷ್ಟು ಭರವಸೆ ಇಡುವಂತಿಲ್ಲ. 2015ರಲ್ಲಿ ಚೆನ್ನೈ ಕರಾವಳಿಯ ಮೀನುಗಾರರು ತಮ್ಮ ದೋಣಿಗಳನ್ನು ಬಡಾವಣೆಗಳ ರಸ್ತೆಗೆ ಇಳಿಸಿ ಜನರನ್ನು ಹೊತ್ತು ತಂದರು. ವರ್ಷವಿಡೀ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡವರೂ ಆ ದೋಣಿ ಹತ್ತಿದರು.

ನೆರೆಹೊರೆಯನ್ನು ಹಾಡಿ ಹೊಗಳುವಾಗ ಒಂದು ಎಚ್ಚರವೂ ಬೇಕು. ಕತ್ರಿನಾ ಚಂಡಮಾರುತದಲ್ಲಿ ಸ್ವತಃ ಮನೆ ಕಳೆದುಕೊಂಡ ಅಮೆರಿಕದ ಸಂಶೋಧಕ ಡೇನಿಯಲ್ ಆಲ್ಡ್ರಿಚ್ ಸುನಾಮಿಯ ನಂತರದ ತಮಿಳುನಾಡಿನ ಹಳ್ಳಿಗಳನ್ನೂ ಅಧ್ಯಯನ ಮಾಡಿದರು. ಒಗ್ಗಟ್ಟಿನ ಊರುಗಳು ಬೇಗ ಚೇತರಿಸಿಕೊಂಡದ್ದು ನಿಜ. ಅದೇ ಗಟ್ಟಿ ಊರ ಪಂಚಾಯಿತಿಗಳು ದಲಿತರು, ವಿಧವೆಯರು, ಹೊರಗಿನವರನ್ನು ಪರಿಹಾರದ ಪಟ್ಟಿಯಿಂದ ಹೊರಗಿಟ್ಟದ್ದೂ ನಿಜ. ಓಣಿಯ ಪಟ್ಟಿ ಬರೆಯುವಾಗ ಬಿಹಾರದಿಂದ ಬಂದ ಬಾಡಿಗೆಯ ಹುಡುಗರು, ಒಬ್ಬಂಟಿ ಮುದುಕಿ, ಮಂಚ ಬಿಟ್ಟೇಳದ ರೋಗಿ ಮೊದಲ ಸಾಲಿನಲ್ಲಿರಬೇಕು. ಯಾರನ್ನು ಯಾರು ಎತ್ತಿಕೊಳ್ಳುತ್ತಾರೆ ಎಂಬುದು ಮಳೆಗೆ ಮೊದಲೇ ತೀರ್ಮಾನವಾಗಿರಬೇಕು.

ಇದು ಸಮುದ್ರದ ಊರಿನ ಪಾಡು, ನಮಗೇಕೆ ಎನ್ನುವಂತಿಲ್ಲ. ಕೊಡಗಿನ ಗುಡ್ಡಗಳು 2018ರ ಆಗಸ್ಟಿನಲ್ಲಿ ಜಾರಿದವು. 2022ರ ಸೆಪ್ಟೆಂಬರಿನಲ್ಲಿ ಸಮುದ್ರಮಟ್ಟದಿಂದ ಒಂಬತ್ತುನೂರು ಮೀಟರ್ ಎತ್ತರದ ಬೆಂಗಳೂರಿನಲ್ಲಿ ಕೋಟಿ ಬೆಲೆಯ ಮನೆಗಳವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಕಾರುಗಳು ಮುಳುಗಿದ್ದವು. ಸಿಲಿಂಡರು, ಮೀಟರ್ ಬೋರ್ಡು, ನೀರಿನ ಕ್ಯಾನು ಇವು ಅಲ್ಲಿಯೂ ಇಲ್ಲಿಯೂ ಒಂದೇ.

ಈ ಅಧ್ಯಾಯ ಓದಿ ಮುಗಿಸಿದವರು ಪುಸ್ತಕ ಕೆಳಗಿಟ್ಟು ಮನೆಯ ಮೇನ್ ಬೋರ್ಡ್ ತೆರೆಯಲಿ. ಆರ್‌ಸಿಸಿಬಿ ಇದ್ದರೆ ಅದರ ಮೇಲಿನ ಪುಟ್ಟ ಟೆಸ್ಟ್ ಗುಂಡಿಯನ್ನು ಒತ್ತಿ ನೋಡಲಿ. ಟಪ್ಪನೆ ಬಿದ್ದರೆ ಸರಿ. ಬೀಳದಿದ್ದರೆ, ಅಥವಾ ಆ ಸಾಧನವೇ ಇಲ್ಲದಿದ್ದರೆ, ಎಲೆಕ್ಟ್ರಿಷಿಯನ್‌ಗೆ ಇವತ್ತೇ ಹೇಳಿಕಳಿಸಲಿ.